ಹಿಂಬದಿ ಸವಾರ

"ಒಂದಕ್ಕೆ ಹೋಗೋಕೆ ಹತ್ತು ನಿಮಿಷ ಯಾಕಯ್ಯ? ಐದು ಸಾಕು. ಇರೋದೇ ಇಬ್ಬರು," ಎಂದ ಕಂಡಕ್ಟರ್, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ಕೈಗೆ ತೆಗೆದುಕೊಳ್ಳುತ್ತ.

"ಹತ್ತೇ ಬರಿ," ಎಂದ ಡ್ರೈವರ್. "ಐವತ್ತೆರಡು ಜನಕ್ಕೂ ಹತ್ತೇ ಕೊಡ್ತಿದ್ವಿ, ಇಬ್ಬರಿಗೂ ಹತ್ತೇ ಇರಲಿ. ಅದರಲ್ಲಿ ಒಬ್ಬನಿಗೆ ಅರವತ್ತು ತುಂಬಿದೆ, ಅದನ್ನೂ ನೋಡು."

"ಊಟ ಮಾಡೋ ಮೇಜಿನ ಮೇಲೆ ಎಂಥ ಮಾತಪ್ಪ ನಿಮ್ಮಿಬ್ಬರದ್ದು!" ಎಂದು ಅಡುಗೆಮನೆಯಿಂದ ಡ್ರೈವರನ ಹೆಂಡತಿಯ ದನಿ ಬಂತು. ದನಿಯ ಹಿಂದೆಯೇ ಮೂರು ಲೋಟ ಚಹಾ, ಚಹಾದ ಹಿಂದೆ ಅವಳೂ ಬಂದಳು. ಲೋಟ ಇಡಲು ಜಾಗ ಹುಡುಕಿ, ಸಿಗದೆ, ಒಂದನ್ನು ಕಂಡಕ್ಟರನ ಕೈಗೇ ಕೊಟ್ಟಳು.

ನಿಜಕ್ಕೂ ಆ ಮೇಜಿನ ಮೇಲೆ ಊಟಕ್ಕೆ ಜಾಗವಿದ್ದು ಒಂದು ವಾರವಾಗಿತ್ತು. ಮೇಜಿನ ಉದ್ದಕ್ಕೂ ರಸ್ತೆಯ ನಕ್ಷೆ ಹಾಸಿಕೊಂಡಿತ್ತು. ಅದು ಸುರುಳಿ ಸುತ್ತಿಕೊಳ್ಳದಂತೆ ಒಂದು ಮೂಲೆಗೆ ಉಪ್ಪಿನ ಡಬ್ಬಿ, ಇನ್ನೊಂದಕ್ಕೆ ಒನಕೆಯ ತುಂಡು. ಬೆಟ್ಟದ ಮೇಲಿನ ಎರಡು ರಾಷ್ಟ್ರೀಯ ಉದ್ಯಾನಗಳನ್ನೂ ನೋಡಿಕೊಳ್ಳುವ ಕಚೇರಿಯಿಂದ ಬಂದ ಪತ್ರವೊಂದು ನಡುವೆ. ಅದರ ಪಕ್ಕದಲ್ಲಿ ಟ್ರಿಪ್ ಶೀಟಿನ ಪುಸ್ತಕ. ಡಿಪೋದಿಂದ ಬಸ್ಸು ಎಷ್ಟಕ್ಕೆ ಹೊರಟಿತು, ಯಾವ ನಿಲ್ದಾಣಕ್ಕೆ ಎಷ್ಟಕ್ಕೆ ಬಂತು, ಎಷ್ಟಕ್ಕೆ ವಾಪಸಾಯಿತು ಎಂದು ದಿನವೂ ತುಂಬುವ ಪುಸ್ತಕ ಅದು. ನಿವೃತ್ತಿಯ ದಿನ ಕಂಡಕ್ಟರ್ ಅದರ ಖಾಲಿ ಪ್ರತಿಯೊಂದನ್ನು ನೆನಪಿಗಿರಲಿ ಎಂದು ಕೇಳಿ ತಂದಿದ್ದ.

ಕಂಡಕ್ಟರನಿಗೆ ಡಿಪೋದಲ್ಲಿ ಎಲ್ಲರೂ ಇಟ್ಟ ಹೆಸರು ಹೋಲ್ಡಾನ್. ಅವನು 'ಹೋಲ್ಡಾನ್' ಎಂದು ಕೂಗಿದರೆ ಬಸ್ಸು ಮಾತ್ರವಲ್ಲ, ರಸ್ತೆ ದಾಟುತ್ತಿದ್ದವರೂ ನಿಲ್ಲುತ್ತಿದ್ದರಂತೆ. ಮನೆಯಲ್ಲಿ ಹೆಂಡತಿ ಬಡಿಸುವಾಗ ಸಾಕು ಅನ್ನುವುದಕ್ಕೂ ಅವನು ಹೋಲ್ಡಾನ್ ಅಂತಲೇ ಹೇಳುವುದು. ಡ್ರೈವರನೂ ಅವನೂ ಇಪ್ಪತ್ತೆರಡು ವರ್ಷ ಒಂದೇ ಬಸ್ಸಿನಲ್ಲಿ, ಒಂದೇ ಘಟ್ಟದಲ್ಲಿ ದುಡಿದು, ಎರಡು ತಿಂಗಳ ಹಿಂದೆ ಒಂದೇ ದಿನ ಮನೆಗೆ ಬಂದವರು. ಅದಕ್ಕೂ ಮೊದಲಿನ ಒಂಬತ್ತು ವರ್ಷ ಸೇರಿಸಿದರೆ ಡ್ರೈವರನದ್ದು ಒಟ್ಟು ಮೂವತ್ತೊಂದು ವರ್ಷ. ಅದೇ ಬೆಟ್ಟ, ಅದೇ ನಲವತ್ಮೂರು ತಿರುವು.

ಈ ಪ್ರವಾಸದ ಹುಚ್ಚು ಹತ್ತಿದ್ದು ಕೊನೆಯ ಟ್ರಿಪ್ಪಿನ ದಿನ. ಮುಂದಿನ ಸೀಟಿನಲ್ಲಿ ಕೂತು ಬಂದಿದ್ದ ಒಬ್ಬರು ಮೇಷ್ಟ್ರು ಇಳಿಯುವಾಗ, "ದಿನಾ ಇದನ್ನೆಲ್ಲ ನೋಡ್ತೀರಲ್ಲ, ನಿಮ್ಮ ಕಣ್ಣು ಪುಣ್ಯ ಮಾಡಿವೆ ಬಿಡಿ," ಎಂದು ಕೈ ಮುಗಿದು ಹೋದರು. ಡ್ರೈವರ್ ಹೂಂ ಅಂದ. ಮನೆಗೆ ಬಂದು ಅದನ್ನೇ ಹೆಂಡತಿಗೆ ಹೇಳಿದ. ಅವಳೋ, ಘಟ್ಟದ ಬಸ್ಸಿನ ಡ್ರೈವರನ ಹೆಂಡತಿಯಾಗಿ ಘಟ್ಟವನ್ನೇ ನೋಡದವಳು. ಮದುವೆಯಾದ ಹೊಸತರಲ್ಲಿ ಒಮ್ಮೆ ಹತ್ತಿಸಿಕೊಂಡು ಹೊರಟಿದ್ದ. ಮೂರನೇ ತಿರುವಿಗೇ ಅವಳ ಹೊಟ್ಟೆ ತೊಳಸಿ, ಎದುರಿಂದ ಬರುತ್ತಿದ್ದ ಬಸ್ಸಿಗೆ ಹತ್ತಿಸಿ ವಾಪಸು ಕಳಿಸಬೇಕಾಯಿತು. ಕೊನೆಯ ಟ್ರಿಪ್ಪಿನ ಆ ಸಂಜೆ ಅವಳು, "ಹೌದೂ, ಅಲ್ಲಿ ಮೇಲೆ ಏನೇನು ಕಾಣತ್ತೆ? ಹೇಳಿ ನೋಡೋಣ," ಎಂದು ಪಕ್ಕದಲ್ಲಿ ಕೂತಳು. ಡ್ರೈವರ್ ಬಾಯಿ ತೆರೆದ. ಹದಿನಾಲ್ಕನೇ ತಿರುವಿನ ಎಡಕ್ಕೆ ಒಂದು ಗುಂಡಿ ಇದೆ ಅಂದ. ಇಪ್ಪತ್ತೊಂದರಲ್ಲಿ ಸದಾ ನೀರು ಹರಿಯುತ್ತದೆ, ಚಕ್ರ ಜಾರುತ್ತದೆ ಅಂದ. ಮೂವತ್ತೆರಡರಲ್ಲಿ ಎದುರಿನವನ ಹೆಡ್‌ಲೈಟ್ ಗೋಡೆಯ ಮೇಲೆ ಬಿದ್ದರೆ ಮಾತ್ರ ಗೊತ್ತಾಗೋದು ಅಂದ. ಆಮೇಲೆ ಹೇಳಲು ಏನೂ ಇರಲಿಲ್ಲ. ಮೂವತ್ತೊಂದು ವರ್ಷ ಅವನು ನೋಡಿದ್ದು ಬೆಟ್ಟವನ್ನಲ್ಲ, ಇಪ್ಪತ್ತು ಅಡಿ ಅಗಲದ ಟಾರನ್ನು.

"ನೋಡಬೇಕು ಕಣೆ," ಎಂದ. "ಒಂದು ಸಲ ಸರಿಯಾಗಿ ನೋಡ್ಕೊಂಡು ಬಂದು ನಿನಗೆ ಹೇಳ್ತೀನಿ."

ತಾನೇ ಓಡಿಸಿಕೊಂಡು ಹೋದರೆ ಮತ್ತೆ ಟಾರೇ ಕಾಣುವುದು. ಹಾಗಾಗಿ ಓಡಿಸಲು ಬೇರೆಯವರು ಬೇಕು, ಅವನು ಹಿಂದೆ ಕೂರಬೇಕು. ಗಾಜಿಲ್ಲ, ಸೂರಿಲ್ಲ, ಸುತ್ತಲೂ ಬಯಲು ಅನ್ನುವಂಥ ವಾಹನವೇ ಆಗಬೇಕು. ಅಂಥದ್ದು ಇದ್ದದ್ದು, ಅದನ್ನು ಬೆಟ್ಟದಲ್ಲಿ ಓಡಿಸುವ ಎದೆ ಇದ್ದದ್ದು ಒಬ್ಬಳಿಗೇ, ಅವನ ತಂಗಿಗೆ. ಹೊರಡುವವರು ಅವರಿಬ್ಬರೇ, ಕಂಡಕ್ಟರನ ಪಾಲಿಗೆ ಶೀಟು ಬರೆಯುವ ಕೆಲಸವಷ್ಟೇ.

ಆ ತಂಗಿಯ ಮೋಟಾರ್‌ಸೈಕಲ್ಲಿನ ಸದ್ದು ಈಗ ಗೇಟಿನಲ್ಲಿ ಕೇಳಿಸಿತು. ಮೊಣಕಾಲಿನವರೆಗೆ ಬೂಟು, ಬೂಟಿನ ಮೇಲೆ ಹಟ್ಟಿಯ ಕೆಸರು, ಮೈಯಿಂದ ಔಷಧಿಯ ವಾಸನೆ. ದನಗಳಿಗೆ ಲಸಿಕೆ ಹಾಕುವ ಕೆಲಸ ಅವಳದ್ದು. ಗುಡ್ಡಗಾಡಿನ ಹಟ್ಟಿಗಳನ್ನು ಮೋಟಾರ್‌ಸೈಕಲ್ಲಿನಲ್ಲಿ ಸುತ್ತುತ್ತ ಇಪ್ಪತ್ತೆಂಟು ವರ್ಷ ಕಳೆದಿದ್ದಳು. ಓದಿದ್ದು ಅಷ್ಟಕ್ಕಷ್ಟೇ ಆದರೂ ದನ ಕಟ್ಟಿದವರೆಲ್ಲ ಅವಳನ್ನು ಡಾಕ್ಟರಮ್ಮ ಅನ್ನುತ್ತಿದ್ದರು. ಅವಳೂ ಬೇಡ ಅನ್ನುತ್ತಿರಲಿಲ್ಲ.

"ಬಾಗಿಲಲ್ಲೇ ಬೂಟು!" ಎಂದಳು ಅತ್ತಿಗೆ.

"ಬಿಚ್ಚಿದೆ ಅತ್ತಿಗೆ, ಬಿಚ್ಚಿದೆ. ಎಲ್ಲಿ, ದೊಡ್ಡವರು ಏನು ಬರೆದಿದ್ದಾರೆ ನೋಡೋಣ." ಟ್ರಿಪ್ ಶೀಟನ್ನು ಎತ್ತಿಕೊಂಡು ನಿಂತುಕೊಂಡೇ ಓದತೊಡಗಿದಳು. ಓದುತ್ತ ಓದುತ್ತ ಹುಬ್ಬು ಮೇಲೇರಿತು. "ಹೋಲ್ಡಾನಣ್ಣ, ಮೊದಲನೇ ದಿನ ಬೆಳಿಗ್ಗೆ ಆರು ಹತ್ತಕ್ಕೆ ಹೊರಡೋದು. ಸರಿ. ಘಟ್ಟ ಹತ್ತೋದು, ಮೇಲಿನ ಉದ್ಯಾನ ದಾಟೋದು, ಕೆರೆ ದಂಡೆ. ಸರಿ. ಸಂಜೆ ಏಳಕ್ಕೆ ವಾಪಸ್ ಮನೆಗೆ?"

"ಹೂಂ, ಏಳು. ಟ್ರಾಫಿಕ್ ಇದ್ರೆ ಏಳೂ ಕಾಲು," ಎಂದ ಕಂಡಕ್ಟರ್ ಹೆಮ್ಮೆಯಿಂದ.

"ಎರಡನೇ ದಿನ ಮತ್ತೆ ಆರು ಹತ್ತಕ್ಕೆ ಮನೆಯಿಂದ. ಸಂಜೆ ಏಳಕ್ಕೆ ಮನೆಗೆ. ಮೂರನೇ ದಿನ, ಅದೇ. ನಾಲ್ಕು, ಐದು... ಅಯ್ಯೋ ದೇವರೇ! ಐದು ದಿನ ಒಂದೇ ಘಟ್ಟ ಹತ್ತಿಸಿ ಇಳಿಸ್ತೀರಾ ನಮ್ಮನ್ನ?"

ಡ್ರೈವರ್ ಕಂಡಕ್ಟರನ ಮುಖ ನೋಡಿದ. ಕಂಡಕ್ಟರ್ ಡ್ರೈವರನ ಮುಖ ನೋಡಿದ. ಒಂದು ವಾರ ಇಬ್ಬರೂ ತಲೆಗೆ ತಲೆ ತಾಗಿಸಿ ಬರೆದಿದ್ದರು, ಅಳಿಸಿದ್ದರು, ಒಂದಕ್ಕೆ ಹೋಗುವ ನಿಮಿಷದವರೆಗೆ ವಾದ ಮಾಡಿದ್ದರು. ಆದರೆ ಹೋದವರು ಅಲ್ಲೇ ಎಲ್ಲಾದರೂ ಮಲಗಿ ಮಾರನೇ ದಿನ ಮುಂದಕ್ಕೆ ಹೋಗಬಹುದು ಎನ್ನುವುದು ಇಬ್ಬರಿಗೂ ಹೊಳೆದೇ ಇರಲಿಲ್ಲ. ಅವರ ಬಸ್ಸು ಸಂಜೆ ಏಳಕ್ಕೆ ಡಿಪೋಗೆ ಬರಲೇಬೇಕಾಗಿದ್ದ ಬಸ್ಸು. ಹೊರಟರೆ ಸಂಜೆಗೆ ವಾಪಸು ಎನ್ನುವುದು ಅವರ ರಕ್ತಕ್ಕೇ ಇಳಿದುಬಿಟ್ಟಿತ್ತು.

ಡ್ರೈವರನ ಹೆಂಡತಿ ಕುರ್ಚಿಗೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. "ನಾನೂ ದಿನಾ ಈ ಮೇಜು ಒರೆಸ್ತಾ ಇದ್ದೆ, ನನ್ನ ಕಣ್ಣಿಗೂ ಬೀಳಲಿಲ್ಲ ನೋಡು. ಏಳಕ್ಕೆ ಬರ್ತಾರೆ ಅಂತ ನನಗೂ ಅಭ್ಯಾಸ ಆಗಿಹೋಗಿದೆ."

"ಅಲ್ಲಿ ಉಳ್ಕೊಳ್ಳೋಕೆ ಜಾಗ ಇದೆ ಅಂತ ಯಾರಿಗೆ ಗೊತ್ತಿತ್ತು," ಎಂದು ಕಂಡಕ್ಟರ್ ಗೊಣಗಿದ.

"ಜನ ಅದಕ್ಕಲ್ವಾ ನಿಮ್ಮ ಬಸ್ ಹತ್ತಿ ಹೋಗ್ತಿದ್ದಿದ್ದು?" ಎಂದು ತಂಗಿ ಶೀಟನ್ನು ಮಗುಚಿ, ಅದರ ಬೆನ್ನಿಗೆ ಹೊಸದಾಗಿ ಬರೆಯತೊಡಗಿದಳು. ಮೊದಲ ರಾತ್ರಿ ಘಟ್ಟದ ತುದಿಯ ವಸತಿಗೃಹ. ಎರಡನೇ ದಿನ ಮೇಲಿನ ಉದ್ಯಾನ, ರಾತ್ರಿ ಕೆರೆಯ ದಂಡೆ. ಮೂರನೇ ದಿನ ಎಲ್ಲಿಗೂ ಇಲ್ಲ. ನಾಲ್ಕನೇ ದಿನ ಕೆಳಗಿನ ಉದ್ಯಾನ. ಐದನೇ ದಿನ ಬೆಟ್ಟದ ಆ ಮಗ್ಗುಲಿನಿಂದ ಇಳಿದು ಮನೆಗೆ.

"ನಿಲ್ದಾಣ ಬರಿ," ಎಂದ ಡ್ರೈವರ್. "ಎಲ್ಲೆಲ್ಲಿ ನಿಲ್ಲೋದು, ಎಷ್ಟೆಷ್ಟು ಹೊತ್ತು."

ತಂಗಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ನಲವತ್ಮೂರು ತಿರುವಿನ ಉದ್ದಕ್ಕೂ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಕೋರಿಕೆ ನಿಲುಗಡೆ' ಎಂದು ಬರೆದಳು. ಬಸ್ಸಿನವರದ್ದೇ ಮಾತು ಅದು. ನಿಲ್ದಾಣ ಇಲ್ಲ, ಆದರೆ ಯಾರಾದರೂ ಕೈ ಎತ್ತಿದರೆ ನಿಲ್ಲಿಸಬೇಕು.

"ಪೂರ್ತಿ ಘಟ್ಟಾನೇ ಕೋರಿಕೆ ನಿಲುಗಡೆಯಾ!" ಎಂದು ಕಂಡಕ್ಟರ್ ಬಾಯಿ ಬಿಟ್ಟ. "ಹೀಗೆ ಮಾಡಿದ್ರೆ ಯಾವಾಗ ಮುಟ್ಟೋದು?"

"ಮುಟ್ಟೋ ಅವಸರ ಯಾರಿಗಿದೆ? ಅಣ್ಣ ಬೆನ್ನು ತಟ್ಟಿದ ಕಡೆ ನಿಲ್ಲಿಸ್ತೀನಿ. ಆದರೆ," ಎಂದು ಅವಳು ಪೆನ್ಸಿಲ್ ಕೆಳಗಿಟ್ಟು ಅಣ್ಣನ ಕಡೆ ತಿರುಗಿದಳು, "ಅದೆಲ್ಲ ಆಮೇಲಿನ ಮಾತು. ಮೊದಲು ನಿನಗೆ ಹಿಂದೆ ಕೂರೋದಕ್ಕೆ ಬರತ್ತಾ ಹೇಳು."

"ಕೂರೋದಕ್ಕೆ ಬರೋದೇನು? ಐವತ್ತೆರಡು ಜನ ನನ್ನ ಹಿಂದೆ ಕೂತಿದ್ರು. ಅವರೇನು ಪರೀಕ್ಷೆ ಪಾಸು ಮಾಡಿ ಬಂದಿದ್ರಾ?"

"ಅದು ಬಸ್ಸು. ಬೈಕಲ್ಲಿ ಹಿಂದಿನವನು ಅಲ್ಲಾಡಿದ್ರೆ ಮುಂದಿನವಳು ಪ್ರಪಾತಕ್ಕೆ. ನಾನು ಡಾಕ್ಟ್ರುಗಳನ್ನ ಕೂರಿಸಿದ್ದೀನಿ, ಹಾಲಿನ ಕ್ಯಾನು ಕಟ್ಟಿದ್ದೀನಿ, ಒಂದು ಸಲ ಕರುನೂ ಕೂರಿಸಿಕೊಂಡು ಬಂದಿದ್ದೀನಿ. ನೀನು ಟಿವಿ ನೋಡುವಾಗ ಅದರಲ್ಲಿ ಕಾರು ಜೋರಾಗಿ ಬಂದ್ರೆ ಸೋಫಾ ಮೇಲೆ ಕೂತು ಬ್ರೇಕ್ ಒತ್ತೋನು. ಅಣ್ಣ ಅಂತ ಘಟ್ಟದಲ್ಲಿ ವಿನಾಯಿತಿ ಕೊಡೋಕಾಗಲ್ಲ."

ಅದು ಸುಳ್ಳಲ್ಲ. ಡ್ರೈವರನ ಹೆಂಡತಿ ಸೋಫಾದ ಮುಂದಿನ ಚಾಪೆ ತೋರಿಸಿದಳು. ಬಲಗಾಲು ಬರುವ ಕಡೆ ಅದು ಸವೆದು ದಾರ ಎದ್ದಿತ್ತು.

ಉದ್ಯಾನದ ಕಚೇರಿಯ ಪತ್ರವನ್ನು ತಂಗಿ ಗಟ್ಟಿಯಾಗಿ ಓದಿದಳು. ದಿನಕ್ಕೆ ಇಪ್ಪತ್ತೇ ದ್ವಿಚಕ್ರ ವಾಹನ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕು. ಸವಾರರ ಮತ್ತು ಹಿಂಬದಿ ಸವಾರರ ಹೆಸರನ್ನು ಗುರುವಾರ ಮಧ್ಯಾಹ್ನದೊಳಗೆ ಖಚಿತಪಡಿಸಬೇಕು. ಈ ತಿಂಗಳು ಕಳೆದರೆ ಪ್ರಾಣಿಗಳು ಮರಿ ಹಾಕುವ ಕಾಲ, ರಸ್ತೆ ನಾಲ್ಕು ತಿಂಗಳು ಮುಚ್ಚಿರುತ್ತದೆ. ಆಮೇಲೆ ಅವಳಿಗೆ ಲಸಿಕೆಯ ಸುತ್ತು ಶುರು, ರಜೆ ಕನಸಿನ ಮಾತು.

"ಹಿಂಬದಿ ಸವಾರ," ಎಂದು ಕಂಡಕ್ಟರ್ ಚಪ್ಪರಿಸಿದ. "ಏನು ಪದವಿಯಯ್ಯ! ಮೂವತ್ತೊಂದು ವರ್ಷ ದುಡಿದಿದ್ದಕ್ಕೆ ಬಡ್ತಿ ಸಿಕ್ತು ನೋಡು."

"ನಾಳೆ ಬುಧವಾರ. ಬೆಳಿಗ್ಗೆ ಆರೂವರೆಗೆ ರೆಡಿಯಾಗಿರು," ಎಂದಳು ತಂಗಿ. "ಊರ ಹಿಂದಿನ ನೀರಿನ ಟ್ಯಾಂಕಿನ ಗುಡ್ಡ. ಒಂಬತ್ತು ತಿರುವು. ಹತ್ತಿ ಇಳಿಯೋದು. ಸರಿಯಾಗಿ ಕೂತ್ರೆ ಹೆಸರು ಕೊಡ್ತೀನಿ. ಇಲ್ಲಾಂದ್ರೆ ಇಲ್ಲ."

ಬುಧವಾರ ಬೆಳಿಗ್ಗೆ ಡ್ರೈವರ್ ಹೆಲ್ಮೆಟ್ ಹಾಕಿಕೊಂಡು, ಮೊದಲ ದಿನ ಶಾಲೆಗೆ ಹೊರಟವನಂತೆ ಗೇಟಿನಲ್ಲಿ ನಿಂತಿದ್ದ. ತಂಗಿಯ ಹಿಂದೆ ಹತ್ತಿ ಕೂತ. ಮುಖ್ಯರಸ್ತೆಯವರೆಗೆ ಎಲ್ಲ ಚೆನ್ನಾಗಿತ್ತು. ಬೇಕರಿಯ ಮುಂದೆ ಲಾರಿಯೊಂದು ಅಡ್ಡ ಬಂದಾಗ ಅವನ ಬಲಗಾಲು ತಾನಾಗಿ ಒತ್ತಿತು. ಅಲ್ಲಿ ಬ್ರೇಕ್ ಇರಲಿಲ್ಲ.

"ಹಾರ್ನ್!" ಎಂದು ಕೂಗಿದ.

"ಇದು ನನ್ನ ಗಾಡಿ!" ಎಂದು ಅವಳೂ ಕೂಗಿದಳು.

ಗುಡ್ಡದ ಬುಡದಲ್ಲಿ ಮೊದಲನೇ ತಿರುವು. ತಂಗಿ ಸರಾಗವಾಗಿ ಎಡಕ್ಕೆ ವಾಲಿದಳು, ಮೋಟಾರ್‌ಸೈಕಲ್ಲು ಅವಳೊಂದಿಗೆ ವಾಲಿತು. ಡ್ರೈವರ್ ಕಂಬದ ಹಾಗೆ ನೆಟ್ಟಗಾದ. ಎರಡನೆಯದರಲ್ಲಿ ಇನ್ನೂ ಗಟ್ಟಿ. ಮೂರನೆಯದರಲ್ಲಿ ಅವಳು ಬಲಕ್ಕೆ ವಾಲಿದರೆ ಅವನು ಮೈಯೆಲ್ಲ ಎಡಕ್ಕೆ ಎಳೆದುಕೊಂಡ. ಗಾಡಿ ತಿರುಗದೆ ರಸ್ತೆಯ ಅಂಚಿನವರೆಗೆ ಹೋಗಿ, ಜಲ್ಲಿಯ ಮೇಲೆ ಕರಕರ ಎಂದು ನಿಂತಿತು. ಮುಂದೆ ಒಂದು ಮೋರಿ, ಮೋರಿಯ ಆಚೆ ಇಳಿಜಾರು.

ತಂಗಿ ಇಂಜಿನ್ ಆರಿಸಿದಳು. ಅವಳ ಬೆನ್ನು ಏರಿಳಿಯುವುದು ಅವನಿಗೆ ಕಾಣುತ್ತಿತ್ತು.

"ನಿನ್ನ ಮೇಲೆ ನಂಬಿಕೆ ಇದೆ ನನಗೆ," ಎಂದ. "ಮೈ ಕೇಳಲ್ಲ ಅಷ್ಟೇ."

"ಮೈ ಯಾರದ್ದು? ಪಕ್ಕದ ಮನೆಯವರದ್ದಾ?"

"ಬಸ್ಸು ವಾಲ್ತು ಅಂದ್ರೆ ಮುಗೀತು ಕಥೆ. ಮೂವತ್ತೊಂದು ವರ್ಷ ಅದೊಂದನ್ನೇ ಅಲ್ವಾ ನಾನು ಕಾಯ್ಕೊಂಡು ಬಂದಿದ್ದು? ವಾಲಿಸದ ಹಾಗೆ ಓಡಿಸೋದು."

"ಬೈಕು ವಾಲದಿದ್ರೆ ಮುಗೀತು ಕಥೆ, ಅಣ್ಣ." ಹೆಲ್ಮೆಟ್ ತೆಗೆದು ಹಣೆ ಒರೆಸಿಕೊಂಡಳು. ಕೋಪ ಇರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. "ನಂಗೆ ಈ ಕೆಲಸ ಸಿಕ್ಕಾಗ ಜ್ಞಾಪಕ ಇದೆಯಾ? ಹೆಂಗಸು, ಬೈಕು, ಗುಡ್ಡ, ಬೇಡವೇ ಬೇಡ ಅಂತ ಮನೆ ತುಂಬ ಗಲಾಟೆ. ನೀನೊಬ್ಬನೇ ಭಾನುವಾರ ಭಾನುವಾರ ಡಿಪೋ ಮೈದಾನಕ್ಕೆ ಕರ್ಕೊಂಡು ಹೋಗಿ ಕಲಿಸಿದೆ. ಅವತ್ತೂ ನೀನು ಹಿಂದೆ ಕೂರಲಿಲ್ಲ. ಸೀಟು ಹಿಡ್ಕೊಂಡು ಪಕ್ಕದಲ್ಲಿ ಓಡಿದೆ. ನಾಲಿಗೆ ಆಚೆ ಬಿದ್ದಿತ್ತು. ಇವತ್ತಿಗೂ ಹಟ್ಟಿಗೆ ಹೋಗಿ ಗಾಡಿ ನಿಲ್ಲಿಸಿದಾಗೆಲ್ಲ ಒಂದು ಸಲ ನೆನಪಾಗತ್ತೆ. ನಿನ್ನ ಹೆಸರಲ್ಲೇ ನನ್ನ ಅನ್ನ. ನಿನಗೆ ಆ ಬೆಟ್ಟ ತೋರಿಸಬೇಕು ಅಂತ ನಂಗೆ ನಿನಗಿಂತ ಆಸೆ. ಆದ್ರೆ ಹೀಗೆ ಕೂತ್ರೆ ಕರ್ಕೊಂಡು ಹೋಗಲ್ಲ. ನಾಳೆ ಬೆಳಿಗ್ಗೆ ಇನ್ನೊಂದು ಸಲ ನೋಡೋಣ. ಆಗಲಿಲ್ಲ ಅಂದ್ರೆ ಕಚೇರಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳ್ತೀನಿ."

ಅವತ್ತು ಸಂಜೆ ಕಂಡಕ್ಟರ್ ಬಂದಾಗ ಡ್ರೈವರನ ಮನೆಯ ಹಜಾರದಲ್ಲಿ ಎರಡು ಸ್ಟೂಲು ಒಂದರ ಹಿಂದೊಂದು ಇದ್ದವು. ಮುಂದಿನದರ ಮೇಲೆ ಹೆಂಡತಿ, ಹಿಂದಿನದರ ಮೇಲೆ ಗಂಡ.

"ಎಡಕ್ಕೆ," ಎಂದು ಹೇಳಿ ಅವಳು ಎಡಕ್ಕೆ ವಾಲಿದಳು. ಅವನು ಬಲಕ್ಕೆ ವಾಲಿದ. "ರೀ, ಎಡಕ್ಕೆ ಅಂದ್ರೆ ಊಟ ಮಾಡದ ಕೈ ಕಡೆ!"

"ಗೊತ್ತು ಮಾರಾಯ್ತಿ. ಮೈ ತಾನಾಗೇ ಹೋಗತ್ತೆ."

ಕಂಡಕ್ಟರ್ ಬಾಗಿಲಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಗೆಳೆಯನ ಮುಖ ನೋಡಿ ಬೆಳಗಿನ ಸಮಾಚಾರ ಕೇಳಿದ. ಕೇಳಿ, ಮೂರನೇ ಸ್ಟೂಲು ಎಳೆದುಕೊಂಡು, ಅವರಿಬ್ಬರಿಗೆ ಎದುರಾಗಿ ಕೂತ.

"ನಿನಗೊಂದು ವಿಷಯ ಹೇಳಲಾ?" ಎಂದ. "ಒಂದೇ ಬಸ್ಸಲ್ಲಿ ಇಪ್ಪತ್ತೆರಡು ವರ್ಷ ಇದ್ವಿ. ನೀನು ರಸ್ತೆಗೆ ಮುಖ ಮಾಡ್ಕೊಂಡು, ನಾನು ಜನಕ್ಕೆ ಮುಖ ಮಾಡ್ಕೊಂಡು. ನಾನು ಏನು ನೋಡಿದೆ ಅಂತ ನೀನು ಒಂದು ದಿನಾನೂ ಕೇಳಲಿಲ್ಲ."

"ಏನು ನೋಡಿದೆ?"

"ನಿದ್ದೆ."

"ಏನು?"

"ಹತ್ತನೇ ತಿರುವು ಬರೋ ಹೊತ್ತಿಗೆ ನಂದು ಟಿಕೆಟ್ ಕೊಟ್ಟು ಮುಗಿಯೋದು. ಕಂಬಕ್ಕೆ ಒರಗಿ ನಿಂತ್ಕೊಳ್ತಿದ್ದೆ. ಹನ್ನೆರಡು, ಹದಿಮೂರು ದಾಟಿದ ಹಾಗೆ ಒಬ್ಬೊಬ್ಬರದ್ದೇ ಕಣ್ಣು ಮುಚ್ಚೋದು. ನಿನ್ನ ಒಂದು ತಿರುವಿಗೆ ಎಲ್ಲ ತಲೆ ಆ ಕಡೆ, ಇನ್ನೊಂದಕ್ಕೆ ಎಲ್ಲ ತಲೆ ಈ ಕಡೆ. ಗಾಳಿಗೆ ಪೈರು ತೂಗೋ ಹಾಗೆ. ಯಾರೂ ಹೇಳಿಕೊಟ್ಟಿರಲಿಲ್ಲ ಅವರಿಗೆ. ಆ ದಪ್ಪ ಇನ್ಸ್‌ಪೆಕ್ಟರು, ಸ್ಟೇಷನ್ನಲ್ಲಿ ಎಲ್ಲರನ್ನೂ ನಡುಗಿಸೋನು, ಬಾಯಿ ತೆರ್ಕೊಂಡು ಮಗು ಥರ ಮಲಗೋನು. ಹೆರಿಗೆ ಆಗಿ ಹದಿನೈದು ದಿನದ ಬಾಣಂತಿ, ಮಡಿಲಲ್ಲಿ ಕೂಸು, ಕಿಟಕಿಗೆ ತಲೆ ಕೊಟ್ಟು ಮಲಗಿದ್ಲು. ಆಚೆ ನೋಡಿದ್ರೆ ಪಾತಾಳ. ನಾನು ನಿಂತ್ಕೊಂಡು ಯೋಚಿಸ್ತಿದ್ದೆ, ಯಾವ ತಾಯಿ ಹೆತ್ತಳಪ್ಪ ಈ ಡ್ರೈವರನ್ನ ಅಂತ."

ಡ್ರೈವರನಿಗೆ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಬರೀ ನೆತ್ತಿಗಳು. "ದಣಿದಿರ್ತಾರೆ, ಅದಕ್ಕೆ ಮಲಗ್ತಾರೆ ಅಂದ್ಕೊಂಡಿದ್ದೆ," ಎಂದ ಮೆಲ್ಲಗೆ.

"ದಣಿದವರು ಮನೇಲಿ ಮಲಗ್ತಾರೆ. ಪ್ರಪಾತದ ಅಂಚಲ್ಲಿ ಮಲಗ್ತಾರಾ? ಬೇರೆ ಡ್ರೈವರುಗಳ ಜೊತೆ ಡ್ಯೂಟಿ ಮಾಡಿದ್ದೀನಿ ನಾನು. ಜನ ಮುಂದಿನ ಸೀಟಿನ ಸರಳು ಹಿಡ್ಕೊಂಡು ಕಣ್ಣು ಬಿಟ್ಕೊಂಡು ಕೂತಿರ್ತಾರೆ. ನಿನ್ನ ಬಸ್ಸಲ್ಲಿ ಮಾತ್ರ ಗೊರಕೆ."

ಡ್ರೈವರನ ಕಣ್ಣ ಮುಂದೆ ಒಬ್ಬೊಬ್ಬರೇ ಹಾದು ಹೋದರು. ಸೋಮವಾರಗಳಂದು ಹತ್ತುತ್ತಿದ್ದ ಮೊಟ್ಟೆಬುಟ್ಟಿಯ ಮುದುಕಿ. ತಮಟೆಯನ್ನು ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದ ವಾದ್ಯದವರು. ಆಸ್ಪತ್ರೆಗೆ ತಂದೆಯನ್ನು ಕರೆತರುತ್ತಿದ್ದ ಮಗಳು, ವಾಪಸು ಹೋಗುವಾಗ ಒಬ್ಬಳೇ. ಅವರೆಲ್ಲ ಹತ್ತುವಾಗ ಒಂದು ಸಲ ಅವನ ಕಡೆ ನೋಡಿ, ಇಡೀ ಜೀವವನ್ನು ಅವನ ಬೆನ್ನಿಗೆ ಬಿಟ್ಟು, ಹಿಂದೆ ಹೋಗಿ ಕಣ್ಣು ಮುಚ್ಚಿದ್ದರು. ದಿನಕ್ಕೆ ಎರಡು ಸಲ, ಮೂವತ್ತೊಂದು ವರ್ಷ. ಹೀಗೊಂದು ಮರ್ಯಾದೆ ಯಾವ ದೊಡ್ಡ ಮನುಷ್ಯನಿಗೆ ಸಿಕ್ಕೀತು? ಸಿಕ್ಕಿದ್ದು ತನಗೆ ಗೊತ್ತೇ ಆಗಿರಲಿಲ್ಲ.

"ಅವರಿಗೆ ನಾವು ಏನೂ ಹೇಳಲೇ ಇಲ್ಲವಲ್ಲಯ್ಯ," ಎಂದ.

"ಏನು ಹೇಳೋದು? ನಿದ್ದೆ ಮಾಡಿದ್ದಕ್ಕೆ ಥ್ಯಾಂಕ್ಸ್ ಅಂತಾನಾ?"

"ಹೂಂ, ಹಾಗೇ. ನಾನು ಓಡಿಸಿದ್ದಕ್ಕೆ ಸಂಬಳ ಇತ್ತು. ಅವರು ಮಲಗಿದ್ದಕ್ಕೆ ಯಾರು ಏನು ಕೊಟ್ರು?" ಬಾಗಿಲ ಕಡೆ ನೋಡುತ್ತ ಮುಂದುವರಿಸಿದ. "ಈಗ ಎಲ್ಲಿ ಹುಡುಕಿ ಹೇಳೋದು. ಎಲ್ಲ ಇಳಿದು ಹೋದ್ರು."

ಮುಂದಿನ ಸ್ಟೂಲಿನಲ್ಲಿ ಕೂತಿದ್ದ ಹೆಂಡತಿ ಹಿಂದಕ್ಕೆ ತಿರುಗದೆಯೇ ಹೇಳಿದಳು, "ಹುಡುಕೋದೇನೂ ಬೇಡ. ನಾಳೆ ಹೋಗಿ ಅವರ ಹಾಗೆ ಕೂತ್ಕೊಳ್ಳಿ. ಅಷ್ಟೇ." ಒಂದು ಕ್ಷಣ ಬಿಟ್ಟು ಸೇರಿಸಿದಳು, "ಮಲಗಿಬಿಟ್ಟೀರಿ ಮತ್ತೆ!"

ಕಂಡಕ್ಟರ್ ಮತ್ತೆ ಹೊಟ್ಟೆ ಹಿಡಿದುಕೊಂಡ.

ಗುರುವಾರ ಬೆಳಿಗ್ಗೆ ತಣ್ಣನೆಯ ಗಾಳಿ ಇತ್ತು. ತಂಗಿಯ ಕಿಟ್‌ಬ್ಯಾಗಿನಲ್ಲಿ ಲಸಿಕೆಯ ಸೀಸೆಗಳು ಕಿಣಿಕಿಣಿ ಅನ್ನುತ್ತಿದ್ದವು, ಎಂಟಕ್ಕೆ ಅವಳು ಮೊದಲ ಹಟ್ಟಿಯಲ್ಲಿರಬೇಕು. ಡ್ರೈವರ್ ಹಿಂದೆ ಹತ್ತಿ, ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡ.

"ಯಾವ ಕಡೆ ನೋಡ್ಲಿ?" ಎಂದು ಕೇಳಿದ.

"ನಿನಗೆ ಬೇಕಾದ ಕಡೆ ನೋಡು. ಹಿಂದೆ ಕೂರೋದು ಅದಕ್ಕೇ ಅಲ್ವಾ? ನನ್ನ ಭುಜದ ಮೇಲಿಂದ ರಸ್ತೆ ಮಾತ್ರ ನೋಡಬೇಡ."

ಬೇಕರಿಯ ಹತ್ತಿರ ಅವನ ಬಲಗಾಲು ಒತ್ತಿತು. ಒತ್ತಿದ್ದು ಅವನಿಗೇ ಗೊತ್ತಾಯಿತು. 'ಇರಲಿ ಬಿಡು, ಅವಳಿಗೂ ಕಾಲಿದೆ' ಎಂದು ತನ್ನ ಕಾಲಿಗೇ ಬುದ್ಧಿ ಹೇಳಿದ. ಮೊದಲನೇ ತಿರುವಿಗೆ ಹಲ್ಲು ಕಚ್ಚಿ, ಕುತ್ತಿಗೆ ತಿರುಗಿಸಿ, ಹಠ ಹಿಡಿದು ಎಡಕ್ಕೇ ನೋಡಿದ. ಎಡಕ್ಕೆ ಇಟ್ಟಿಗೆ ಗೂಡು, ಅದರ ಹೊಗೆ. ಗಾಡಿ ವಾಲಿದಾಗ ಮೈ ಬಿಗಿಯಿತು. ಬಿಗಿದದ್ದು ತಂಗಿಗೂ ಗೊತ್ತಾಗಿರಬೇಕು, ಆದರೆ ಅವಳು ವೇಗ ತಗ್ಗಿಸಲಿಲ್ಲ. ಎರಡನೆಯದರಲ್ಲಿ ಅವನು ಆ ಬಾಣಂತಿಯನ್ನು ನೆನೆದ. ಮುಖ ನೆನಪಿರಲಿಲ್ಲ, ನೋಡಿಯೇ ಇರಲಿಲ್ಲವಲ್ಲ. ಆದರೂ ಅವಳ ಹಾಗೆ ಭುಜ ಸಡಿಲ ಬಿಟ್ಟು ನೋಡಿದ. ನೆನ್ನೆ ಜಲ್ಲಿಗೆ ಇಳಿದಿದ್ದ ಮೂರನೇ ತಿರುವು ಬಂತು. ತಂಗಿ ಬಲಕ್ಕೆ ವಾಲಿದಳು. ಅವನ ಮೈ ಎಲ್ಲಿಗೂ ಹೋಗಲಿಲ್ಲ. ಅವಳೊಂದಿಗೇ ಇತ್ತು.

ಅಷ್ಟರಲ್ಲಿ ಎಡಗಡೆಯ ಗಿಡಗಳು ಮುಗಿದು ಬಯಲು ತೆರೆದುಕೊಂಡಿತು. ಕೆಳಗೆ ಅವನ ಊರು. ಅರವತ್ತು ವರ್ಷ ಬದುಕಿದ ಊರು ಅಂಗೈಯಲ್ಲಿ ಹಿಡಿಯುವಷ್ಟು. ಒಣಹಾಕಿದ ಬಟ್ಟೆಗಳು, ಹಾಲಿನ ವ್ಯಾನು, ಸ್ಕೂಲಿನ ಹೆಂಚು. ಡಿಪೋದಲ್ಲಿ ಬಸ್ಸುಗಳು ಮಲಗಿದ ದನಗಳ ಹಾಗೆ ಸಾಲಾಗಿ. ನಡುವೆ ಒಂದು ಹಳ್ಳ ಬೆಳ್ಳಗೆ ಹೊಳೆಯುತ್ತ ಹರಿದಿತ್ತು. ಊರಲ್ಲಿ ಹಳ್ಳ ಇರುವುದು ಗೊತ್ತಿತ್ತು, ಅದು ಇಷ್ಟು ಸೊಟ್ಟಸೊಟ್ಟಗೆ, ಇಷ್ಟು ಚೆಂದವಾಗಿ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ಹಳ್ಳದ ಆಚೆ ಮಂಜು, ಮಂಜಿನ ಆಚೆ ನೀಲಿಯಾಗಿ ಅವನ ಬೆಟ್ಟ. ಇಲ್ಲಿಂದ ಅದು ಟಾರಿನ ಒಂದು ಗೆರೆಯೂ ಕಾಣದ ಹಾಗೆ ಸುಮ್ಮನೆ ಬೆಟ್ಟವಾಗಿತ್ತು. ಹೆಂಡತಿಗೆ ಇದನ್ನು ಹೇಗೆ ಹೇಳುವುದು, ಎಲ್ಲಿಂದ ಶುರುಮಾಡುವುದು ಎಂದು ಅವನು ಯೋಚಿಸುತ್ತಿದ್ದ. ಹಳ್ಳದಿಂದಲೋ ಮಂಜಿನಿಂದಲೋ.

ಗುಡ್ಡದ ತುದಿಯಲ್ಲಿ ಟ್ಯಾಂಕಿಗೆ ಒಂದು ಸುತ್ತು ಹಾಕಿ ತಂಗಿ ನಿಲ್ಲದೆ ಇಳಿಯತೊಡಗಿದಳು. ಊರು ಈಗ ಬಲಕ್ಕೆ ಬಂತು, ಅವನ ಕುತ್ತಿಗೆಯೂ ಬಲಕ್ಕೆ ಹೊರಳಿತು. ಎಷ್ಟನೇ ತಿರುವೋ ಏನೋ, ಗಾಡಿ ಒಮ್ಮೆ ಗಕ್ಕನೆ ತಡೆದು, ಪಕ್ಕಕ್ಕೆ ಸರಿದು, ಮತ್ತೆ ಮುಂದಕ್ಕೆ ಹೋಯಿತು. ಅವನ ಹೆಲ್ಮೆಟ್ಟು ಅವಳದಕ್ಕೆ ಟಕ್ಕೆಂದು ತಾಗಿತು. ತಂಗಿ ಸ್ವಲ್ಪ ದೂರ ಹೋಗಿ ಅಗಲವಾದ ಜಾಗ ನೋಡಿ ನಿಲ್ಲಿಸಿದಳು. ಉಸಿರು ಬಿಟ್ಟಳು.

"ಅಬ್ಬ! ಒಂದು ಕೂದಲೆಳೆಯಲ್ಲಿ ತಪ್ಪಿತು. ನೀನು ಅಲ್ಲಾಡಿದ್ರೆ ಹೊಡೆದೇಬಿಡ್ತಿದ್ದೆ ಆ ಮೇಕೇನ."

"ಯಾವ ಮೇಕೆ?" ಎಂದ ಡ್ರೈವರ್.

ತಂಗಿ ಸೀಟಿನಲ್ಲೇ ಹಿಂದಕ್ಕೆ ತಿರುಗಿ ಅವನನ್ನು ನೋಡಿದಳು. ಒಂದು ಫರ್ಲಾಂಗು ದೂರದಲ್ಲಿ ನಾಯಿ ಕಿವಿ ಆಡಿಸಿದರೂ ಹೇಳುತ್ತಿದ್ದ ಅಣ್ಣ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ, ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವಳು ಹಲ್ಲಿನಿಂದ ಕಚ್ಚಿ ಕೈಗವಸು ಬಿಚ್ಚಿದಳು. ಜೇಬಿನಿಂದ ಫೋನ್ ತೆಗೆದು ಉದ್ಯಾನದ ಕಚೇರಿಯ ನಂಬರು ಒತ್ತಿ ಕಿವಿಗಿಟ್ಟುಕೊಂಡು, "ಹಿಂಬದಿ ಸವಾರನ ಹೆಸರು ಬರ್ಕೊಳ್ಳಿ," ಎಂದಳು. ಡ್ರೈವರ್ ಕಾಲು ಚಾಚಿ ನೆಲಕ್ಕಿಳಿದು, ಬಂದ ದಾರಿಯನ್ನು ತಿರುಗಿ ನೋಡಿದ. ತಿರುವಿನ ತಡೆಗೋಡೆಯ ಮೇಲೆ ಕರಿಯ ಮೇಕೆಯೊಂದು ಹತ್ತಿ ನಿಂತು, ಅಂಟಿಸಿದ್ದ ಹಳೆಯ ಪೋಸ್ಟರಿನ ತುದಿಯನ್ನು ಅವಸರವಿಲ್ಲದೆ ಎಳೆದು ತಿನ್ನುತ್ತಿತ್ತು.